ಸೀರೆ ಸುತ್ತಿದ ಬಾಟಲಿ

ನಾನು ಒಂದು ಗಾಜಿನ ಬಾಟಲಿ. ಬೆಂಕಿಯಲ್ಲಿ ಕರಗಿ, ಯಾರದೋ ಉಸಿರು ಊದಿಸಿಕೊಂಡು ಹುಟ್ಟಿದವಳು. ಉಪ್ಪಿನಕಾಯಿ ತುಂಬಿಕೊಂಡು ಅಡುಗೆಮನೆಯಲ್ಲಿ ತಣ್ಣಗೆ ಕೂರುವ ಯೋಗ ನನಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಬಂದೆ. ಎದೆಯಲ್ಲಿ ಕೀವು ಕಟ್ಟಿದ ಮಕ್ಕಳ ಪಕ್ಕೆಗೆ ಡಾಕ್ಟರು ಕೊಳವೆ ಹಾಕಿದರೆ, ಅದರ ಇನ್ನೊಂದು ತುದಿ ನನ್ನೊಳಗಿನ ನೀರಿನಲ್ಲಿ ಮುಳುಗಿರುತ್ತಿತ್ತು; ಕೀವು ಹರಿದು ಬಂದು ನನ್ನೊಳಗೆ ತುಂಬುತ್ತಿತ್ತು. ಮಗು ಉಸಿರೆಳೆದರೆ ಕೊಳವೆಯ ನೀರು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನನ್ನ ಜಾಗ ಮಂಚದ ಕೆಳಗೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ತಾಯಂದಿರ ಪಾದಗಳು. ಅವು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ.

ಹುಲಿಗೆಮ್ಮನ ಪಾದಗಳು ಇನ್ನೂ ನೆನಪಿವೆ. ಒಡೆದ ಹಿಮ್ಮಡಿ, ಸಡಿಲವಾದ ಕಾಲುಂಗುರ. ಮಗಳು ನೀಲವ್ವ ಇನ್ನೂ ಶಾಲೆ ಸೇರದ ಕೂಸು. ನೋಡಲು ಬಂದ ನಾದಿನಿ ಕುಕ್ಕರಗಾಲಲ್ಲಿ ಕೂತು ನನ್ನನ್ನೇ ದಿಟ್ಟಿಸಿದಳು.

"ಇಷ್ಟು ಕೀವು ಕೂಸಿನ ಎದ್ಯಾಗ ತುಂಬೋತನಕ ಎಲ್ಲಿ ನೋಡ್ತಿದ್ದಿ, ವೈನಿ?"

ಕೆಮ್ಮು ಹತ್ತಿದಾಗ ಹುಲಿಗೆಮ್ಮ ಕಷಾಯ ಕುಡಿಸಿದ್ದಳು, ಅಂಗಡಿಯ ಮಾತ್ರೆ ತಂದಿದ್ದಳು, ಕಮ್ಮಿಯಾದೀತು ಎಂದು ಕಾದಿದ್ದಳು. ಅವಳ ತಪ್ಪಿಗೆ ಸಾಕ್ಷಿಯ ಹಾಗೆ ನಾನು ಎಲ್ಲರ ಕಣ್ಣೆದುರು ಕೂತಿದ್ದೆ. ನಾದಿನಿ ಹೋದ ಮೇಲೆ, ಮುಖ ಆಚೆ ತಿರುಗಿಸಿಕೊಂಡೇ, ಹಳೇ ಸೀರೆಯ ತುಂಡನ್ನು ನನಗೂ ಕೊಳವೆಗೂ ಸೇರಿಸಿ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

ಗಂಟಿನಲ್ಲಿ ಕೊಳವೆ ಮಡಚಿಕೊಂಡಿತು. ನೀರು ನಿಂತುಬಿಟ್ಟಿತು. ಮೇಲೆ ಮಗುವಿನ ಏದುಸಿರಿಗೆ ಮಂಚ ಅಲುಗುತ್ತಿತ್ತು. ಕೂಗೋಣವೆಂದರೆ ನನಗೆ ಬಾಯಿದೆ, ದನಿಯಿಲ್ಲ. ಜ್ವರ ನೋಡಲು ಬಂದ ಪ್ರಮೀಳಾ ಸಿಸ್ಟರ್ ಗಾಬರಿಯಿಂದ ಬಗ್ಗಿ ಬಟ್ಟೆ ಕಿತ್ತೆಸೆದರು.

"ಯಾರವ್ವ ಇದನ್ನ ಕಟ್ಟಿದ್ದು?"

"ನಾನ ಕಟ್ಟೇನ್ರಿ. ಎಲ್ಲಾರೂ ಇಣುಕಿ ನೋಡ್ತಾರ್ರಿ."

"ನೋಡ್ಲಿ ಅಂತನ ಗಾಜಿನಾಗ ಮಾಡ್ಯಾರವ್ವ. ಮೊದಲು ನೀ ನೋಡು."

ಮಡಿಕೆ ಬಿಡಿಸುತ್ತಲೇ ಕೀವು ಇಳಿಯಿತು. ನೀರು ಏರಿತು, ಇಳಿಯಿತು. ಹುಲಿಗೆಮ್ಮ ನೆಲದ ಮೇಲೆ ಕೂತು ನನ್ನೊಳಗೆ ನೋಡಿದಳು. ಆಗಲೇ ಅವಳ ಮುಖವನ್ನು ನಾನು ಮೊದಲು ಕಂಡದ್ದು. ಆಮೇಲೆ ಅವಳು ಅಲ್ಲಿಂದ ಕದಲಲಿಲ್ಲ. ನಾದಿನಿ ಮತ್ತೆ ಬಂದಾಗ ತಾನೇ ಕರೆದು ನನ್ನ ಮುಂದೆ ಕೂರಿಸಿದಳು.

"ನೀರು ಹೆಂಗ ಆಡತೈತಿ ನೋಡು. ಅದು ನನ್ನ ಮಗಳ ಉಸಿರು."

ಕೀವು ನಿಂತು ಕೊಳವೆ ತೆಗೆದ ಮೇಲೆ ನೀಲವ್ವ ತಾಯಿಯ ಕೈ ಹಿಡಿದು ನಡೆದೇ ಮನೆಗೆ ಹೋದಳು.

ಈಗ ವಾರ್ಡಿಗೆ ಪ್ಲಾಸ್ಟಿಕ್ ಬಾಟಲಿಗಳು ಬಂದಿವೆ. ನಾನು ಉಗ್ರಾಣದ ಮೂಲೆಯಲ್ಲಿದ್ದೇನೆ. ಧೂಳು ಕೂರದಿರಲೆಂದು ಮೊನ್ನೆ ಯಾರೋ ಹಳೇ ಬೆಡ್‌ಶೀಟ್ ಹೊದಿಸಿ ಹೋದರು. ನನ್ನೊಳಗೆ ಈಗ ನೀರಿಲ್ಲ, ನಿಂತುಹೋಗುವುದಕ್ಕೆ ಏನೂ ಇಲ್ಲ. ಆದರೂ ಗೋಡೆಯಾಚೆ ಮಗುವೊಂದು ಕೆಮ್ಮಿದರೆ, ಯಾರಾದರೂ ಬಂದು ಈ ಬಟ್ಟೆ ಸರಿಸಬಾರದೇ ಎಂದು ಜೀವ ಚಡಪಡಿಸುತ್ತದೆ.