ಮರಿಗಳ ಬುತ್ತಿ

ನೂರು ಗ್ರಾಂ ಪರಾಗಕ್ಕೆ ವನಜಾ ಮುನ್ನೂರೈವತ್ತು ರೂಪಾಯಿ ಬೆಲೆ ಇಟ್ಟಿದ್ದಳು. ಅದರಲ್ಲಿ ಗಾಜಿನ ಬಾಟಲಿಗೆ ಹದಿನೆಂಟು, ಮೇಲಿನ ಚೀಟಿಗೆ ಎರಡು. ಒಣಗಿಸುವ ಖರ್ಚೇ ಇಲ್ಲ. ಪೀಣ್ಯದಲ್ಲಿ ಅವಳ ತಮ್ಮ ಶಿವಶಂಕರನದು ಪೌಡರ್ ಕೋಟಿಂಗ್ ಶೆಡ್ಡು. ಕಬ್ಬಿಣದ ಸಾಮಾನಿಗೆ ಬಣ್ಣ ಕೂರಿಸುವ ಅಲ್ಲಿನ ಓವನ್ನು ಕೆಲಸ ಮುಗಿದ ಮೇಲೂ ಬಹಳ ಹೊತ್ತು ಕಾದಿರುತ್ತಿತ್ತು. ತಟ್ಟೆ ಒಳಗಿಟ್ಟು ತೆಗೆದರಾಯಿತು. ಹೂವಿಗೆ ದುಡ್ಡಿಲ್ಲ, ಜೇನುಹುಳಕ್ಕೆ ಸಂಬಳವಿಲ್ಲ. ಟಿ. ದಾಸರಹಳ್ಳಿಯ ನಾಲ್ಕಂತಸ್ತಿನ ಮನೆಯ ಬಾಡಿಗೆಯೆಲ್ಲ ಗಂಡ ಶ್ರೀಧರನ ಖಾತೆಗೆ ಹೋಗುತ್ತಿತ್ತು. ಹೀಗಾಗಿ ತನ್ನದು ಎಂದು ಅವಳು ಹೇಳಿಕೊಳ್ಳಬಹುದಾದ ಹಣ ಇದೊಂದೇ.

ಆ ಮನೆಯ ತಾರಸಿಯ ಮೇಲೆ ಮೂರು ಜೇನುಪೆಟ್ಟಿಗೆಗಳಿದ್ದವು. ಪ್ರತಿ ಪೆಟ್ಟಿಗೆಯ ಬಾಗಿಲಿಗೂ ಸಣ್ಣ ತೂತುಗಳ ಒಂದು ಪಟ್ಟಿ. ಹುಳ ಮೈ ಹಿಂಡಿಕೊಂಡು ಒಳಗೆ ನುಸುಳುವಾಗ ಕಾಲಿಗೆ ಕಟ್ಟಿಕೊಂಡು ತಂದ ಪರಾಗದ ಉಂಡೆ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ವಾರಕ್ಕೆ ಎರಡು ದಿನ ಮಾತ್ರ ಪಟ್ಟಿ ಹಾಕಬೇಕು ಎಂದು ಜೇನು ಸಾಕಣೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬೇಡಿಕೆ ಏರಿದಂತೆ ಎರಡು ನಾಲ್ಕಾಯಿತು. ಆಮೇಲೆ ತೆಗೆಯುವುದೇ ನಿಂತುಹೋಯಿತು.

ಅತ್ತೆ ಚಿಕ್ಕಮುನಿಯಮ್ಮ ಬಟ್ಟೆ ಒಣಹಾಕಲು ಬಂದಾಗಲೆಲ್ಲ ಗೊಣಗುತ್ತಿದ್ದಳು. "ಬಾಡ್ಗೆ ಮನೆಯೋರ್ತಾವಾದ್ರೂ ತಿಂಗ್ಳಿಗೊಂದ್ಸಲ ಈಸ್ಕೊತೀವಿ. ನೀನು ಇವುಗಳ್ತಾವ ದಿನಾ ವಸೂಲಿಗೆ ನಿಂತಿದೀಯಲ್ಲೇ! ಇಂಗೆ ಬಾಗ್ಲಲ್ಲೇ ಕಿತ್ಕೊಂಡ್ರೆ ಮರಿಗಳಿಗೇನಿಕ್ತವೆ?"

"ಒಳಗೂ ಒಂದಿಷ್ಟು ಹೋಗತ್ತೆ ಬಿಡಿ ಅತ್ತೆ."

"ನೀನು ಅಳ್ದು ನೋಡಿದ್ಯಾ?"

ಅಳೆದು ನೋಡಿರಲಿಲ್ಲ. ತಟ್ಟೆಗೆ ಬಿದ್ದದ್ದನ್ನಷ್ಟೇ ತೂಗುತ್ತಿದ್ದಳು.

ಇಷ್ಟು ಬೇಡಿಕೆ ಬರಲು ಕಾರಣ ಸ್ಫೂರ್ತಿ ಎಂಬವಳು. ನಾಗಸಂದ್ರದ ಮೆಟ್ರೋ ಹತ್ತಿರದ ಅಪಾರ್ಟ್‌ಮೆಂಟಿನವಳು, ಓದಿಕೊಂಡವಳು. ಹಾಲನ್ನು ಮೊಸರು ಮಾಡುತ್ತವಲ್ಲ, ಅದೇ ಬಳಗದ ಒಳ್ಳೆಯ ಬ್ಯಾಕ್ಟೀರಿಯಾ ಪರಾಗದಲ್ಲೂ ಇರುತ್ತವಂತೆ ಎಂದು ಮೊದಲು ಹೇಳಿದ್ದು ಅವಳೇ. ಹುಳಗಳು ಪರಾಗಕ್ಕೆ ಜೇನು ಬೆರೆಸಿ ಮೇಣದ ಎರಿಯ ಕೋಣೆಗಳಲ್ಲಿ ತುಂಬಿಡುತ್ತವೆ, ಆ ಬ್ಯಾಕ್ಟೀರಿಯಾ ಅದನ್ನು ಹಿಟ್ಟಿನಂತೆ ಹುಳಿ ಬರಿಸುತ್ತವೆ, ಮರಿಗಳು ಬೆಳೆಯುವುದು ಅದರ ಬಲದಿಂದ. ಅವಳು ಇಷ್ಟನ್ನೂ ಹೇಳಿದ್ದಳು. ವನಜಾ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು ಚೀಟಿ ಮಾಡಿಸಿದಳು: "ಹೊಟ್ಟೆಗೆ ಹಿತವಾದ ಜೀವಂತ ಬ್ಯಾಕ್ಟೀರಿಯಾ." ಆಗ ನೆರಳಿನಲ್ಲೇ ಒಣಗಿಸುತ್ತಿದ್ದಳು. ಮಳೆಗಾಲದಲ್ಲಿ ಒಂದು ಸಲ ಪೂರ್ತಿ ಮಾಲಿಗೆ ಬೂಷ್ಟು ಹಿಡಿದ ಮೇಲೆ ತಮ್ಮನ ಓವನ್ನು ನೆನಪಾಯಿತು. ಚೀಟಿ ಮಾತ್ರ ಬದಲಾಗಲಿಲ್ಲ.

ಆ ಶನಿವಾರ ಸ್ಫೂರ್ತಿ ತನ್ನ ಅತ್ತೆ ಮಹಾಂತಮ್ಮನನ್ನೂ ಕರೆತಂದಳು. ಹಾವೇರಿ ಕಡೆಯ ಹೆಂಗಸು. ಜ್ವರಕ್ಕೆಂದು ಜೋರಿನ ಆಂಟಿಬಯಾಟಿಕ್ ಮಾತ್ರೆ ತಿಂದಾಗಿನಿಂದ ಹೊಟ್ಟೆ ಕೆಟ್ಟು ಒಂದು ತಿಂಗಳಾಗಿತ್ತು. ಹದಿನೈದು ದಿನದಿಂದ ವನಜಾಳ ಪರಾಗವನ್ನೇ ನೆಚ್ಚಿಕೊಂಡಿದ್ದರು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಕೇಳಲ್ಲ ವನಜಕ್ಕಾ. ನೀವಾದ್ರೂ ಒಂದು ಮಾತು ಹೇಳಿ," ಎಂದಳು ಸ್ಫೂರ್ತಿ.

"ಆ ಡಾಕ್ಟರನ ಗುಳಿಗೀನ ನನ್ನ ಹೊಟ್ಟಿ ಕೆಡಿಸಿದ್ದು," ಎಂದರು ಮಹಾಂತಮ್ಮ. "ಮತ್ತ ಅವನ ಹಂತೇಕ ಹೋಗಂತಿ. ವನಜವ್ವನ ಪುಡಿ ಐತಲ್ಲ, ಅದ ಸಾಕು. ಎರಡು ಬಾಟ್ಲಿ ಕೊಡವಾ."

ಸ್ಫೂರ್ತಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಬಣ್ಣ ಸ್ವಲ್ಪ ಕಂದಾಗಿದೆಯಲ್ಲ. ಹೇಗೆ ಒಣಗಿಸ್ತೀರಾ ಅಕ್ಕಾ?"

"ನೆರಳಲ್ಲೇ," ಎಂದಳು ವನಜಾ. ಯೋಚಿಸುವ ಮುಂಚೆಯೇ ಬಾಯಿಂದ ಬಂದುಬಿಟ್ಟಿತ್ತು.

ಮಹಾಂತಮ್ಮ ನಕ್ಕರು. "ಏನ ಕೇಳ್ತಿ ಹುಡುಗಿ! ಕುದಿಯೂ ಹಾಲಿಗೆ ಹೆಪ್ಪ ಹಾಕೂ ಹೆಂಗಸಲ್ಲ ಆಕಿ."

ವನಜಾ ನಗಲು ಹೋದಳು, ಆಗಲಿಲ್ಲ. ಇಪ್ಪತ್ತು ವರ್ಷದಿಂದ ದಿನವೂ ಹಾಲು ಕಾಸಿ, ಆರಿಸಿ, ಕಿರುಬೆರಳು ಅದ್ದಿ ನೋಡಿ, ಉಗುರುಬೆಚ್ಚಗಾದ ಮೇಲೆಯೇ ಹೆಪ್ಪು ಹಾಕಿದ ಕೈ ಅದು. ಅದೇ ಕೈ ಪರಾಗವನ್ನು ಕಬ್ಬಿಣ ಬೇಯುವ ಓವನ್ನಿಗಿಟ್ಟಿತ್ತು. ಹಾಗಿದ್ದೂ ಬಾಟಲಿಗಳನ್ನು ಚೀಲಕ್ಕೆ ಹಾಕಿ ಕೊಟ್ಟಳು, ದುಡ್ಡನ್ನೂ ತೆಗೆದುಕೊಂಡಳು.

ಸೋಮವಾರ ಬೆಳಿಗ್ಗೆ ವನಜಾ ತಾರಸಿಗೆ ಹೋಗಿ ಮೂರೂ ಪಟ್ಟಿಗಳನ್ನು ಕಿತ್ತಳು. ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದಳು. ಎರಿಯಲ್ಲಿ ಪರಾಗ ತುಂಬಿಡುವ ಕೋಣೆಗಳು ಬರಿದಾಗಿದ್ದವು. ಮರಿಗಳಿರಬೇಕಾದಲ್ಲಿ ಅಲ್ಲೊಂದು ಇಲ್ಲೊಂದು ಬಡಕಲು ಮರಿ. ಮುಚ್ಚಳ ಹಾಕಿ ಸೀದಾ ನಾಗಸಂದ್ರಕ್ಕೆ ನಡೆದಳು.

ಮಹಾಂತಮ್ಮ ಸೋಫಾದ ಮೇಲೆ ಮಲಗಿದ್ದರು. ವನಜಾ ನಿಂತೇ ಹೇಳಿದಳು.

"ಅಮ್ಮಾ, ನಾನು ಸುಳ್ಳು ಹೇಳ್ದೆ. ನನ್ನ ತಮ್ಮನ ಶೆಡ್ಡಲ್ಲಿ ಓವನ್ನಿಗಿಟ್ಟು ಒಣಗಿಸಿದ್ದು ಅದು. ಕೈ ಇಡಕ್ಕಾಗಲ್ಲ, ಅಷ್ಟು ಬಿಸಿ. ಅದ್ರಲ್ಲಿ ಜೀವ ಇರೋದು ಏನೂ ಉಳಿದಿರಲ್ಲ. ಸರಿಯಾಗೇ ಒಣಗಿಸಿದ್ರೂ ನಿಮ್ಮ ಕಾಯಿಲೆಗೆ ಅದು ಔಷಧಿಯಲ್ಲ. ದಯವಿಟ್ಟು ಡಾಕ್ಟರ್ ಹತ್ರ ಹೋಗಿ."

"ನಿನ್ನ ಮ್ಯಾಲೆ ನಂಬಿಗಿ ಇಟ್ಟು ಸೊಸಿ ಕೂಡ ಜಗಳಾ ಮಾಡಿದ್ನೆಲ್ಲವಾ," ಎಂದು ಮಹಾಂತಮ್ಮ ಗೋಡೆಯ ಕಡೆ ಹೊರಳಿದರು. ಸ್ಫೂರ್ತಿ ಆಟೋ ತರಿಸಿದಳು. ವನಜಾ ಚಾಚಿದ ಹಣವನ್ನು ಇಬ್ಬರೂ ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿದರು. ಹದಿನೈದು ದಿನ ಮುಂಚೆ ಬಂದಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು ಎಂದರಂತೆ ಡಾಕ್ಟರು. ಮಹಾಂತಮ್ಮ ಮೆಲ್ಲಗೆ ಚೇತರಿಸಿಕೊಂಡರು.

ವನಜಾ ಉಳಿದ ಬಾಟಲಿಗಳ ಚೀಟಿ ಕಿತ್ತು ಎಲ್ಲವನ್ನೂ ಮಣ್ಣಿಗೆ ಸುರಿದಳು. ಕೊಂಡವರಿಗೆಲ್ಲ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಕೆಲವರು ಬೈದರು. ಒಬ್ಬಾಕೆ, ಇದನ್ನೆಲ್ಲ ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದಳು. ಬೈಗುಳಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಪಟ್ಟಿ ತೆಗೆದರೂ ಹುಳಗಳು ನಿಲ್ಲಲಿಲ್ಲ. ಅದೇ ವಾರ ಒಂದು ಮಧ್ಯಾಹ್ನ ಮೂರೂ ಪೆಟ್ಟಿಗೆಗಳಿಂದ ಎದ್ದು, ಮೆಟ್ರೋ ಹಳಿ ದಾಟಿ ಹೊರಟುಹೋದವು. ಚಿಕ್ಕಮುನಿಯಮ್ಮ ಸೊಸೆಯ ಪಕ್ಕದಲ್ಲಿ ನಿಂತು ನೋಡಿದಳು.

ಹುಳ ಹೊತ್ತು ತಂದದ್ದರ ಬಲ ಮರಿಗಳಿಗೂ ಸಿಗಲಿಲ್ಲ, ಮಹಾಂತಮ್ಮನಿಗೂ ಸಿಗಲಿಲ್ಲ.