ಹುಳುಮನೆಯ ಪಕ್ಕದ ಮೀನುಗಳು

ರೇಷ್ಮೆ ಹುಳುವಿನಿಂದ ಏಳುವ ಧೂಳು ನಿಮ್ಮ ಎದೆಗೆ ಆಗುತ್ತಿಲ್ಲ, ಇನ್ನು ಹುಳುಮನೆಯೊಳಗೆ ಕಾಲಿಡಬೇಡಿ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದಾಗ ಆವಲಪ್ಪನಿಗೆ ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತೆಂಟು ವರ್ಷ ಅವನು ಜಂಗಮಕೋಟೆಯಲ್ಲಿ ಹುಳು ಮೇಯಿಸಿದ್ದ. ಮಂಡಿಕಲ್ ಕಡೆಯವರು ಕೂಡ ಬಂದು ಅವನ ಹುಳುಮನೆ ನೋಡಿಕೊಂಡು ಹೋಗುತ್ತಿದ್ದರು. ನೋಡುವುದಕ್ಕೆ ವಿಶೇಷವೇನೂ ಇರಲಿಲ್ಲ. ಶುಚಿ, ಅಷ್ಟೆ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಕೂಡಲೇ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ನೆಲ, ಗೋಡೆ ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಸುಣ್ಣ ಬಳಿದು, ರೋಗಾಣು ಸಾಯಲು ಔಷಧಿ ಹೊಡೆದ ಮೇಲೆಯೇ ಅವನಿಗೆ ಸಮಾಧಾನ. ಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ.

ಹುಳುಮನೆಯ ಕೆಲಸ ಅವನ ಹೆಂಡತಿ ವೆಂಕಟರತ್ನಮ್ಮನ ತಲೆಗೆ ಬಂತು. ಮಗ ಮುರಳಿಮೋಹನ್ ಬೆಳಿಗ್ಗೆ ಸಂಜೆ ಹಾಲಿನ ಡೇರಿ ನೋಡಿಕೊಳ್ಳುತ್ತಿದ್ದುದರಿಂದ ನಡುವೆ ಸಿಕ್ಕಷ್ಟು ಹೊತ್ತು ಮಾತ್ರ ಕೈಜೋಡಿಸುತ್ತಿದ್ದ. ಸೊಪ್ಪು ಕೊಯ್ಯಿಸುವುದು, ಹಾಕುವುದು, ಕಸ ತೆಗೆಯುವುದು ಎಲ್ಲ ಅವಳದೇ. ಹುಳುಮನೆಗೂ ನಡುಮನೆಗೂ ಒಂದೇ ಗೋಡೆ. ಓಡಾಟಕ್ಕೆ ಅನುಕೂಲವಾಗಲೆಂದು ಆ ಗೋಡೆಯಲ್ಲಿ ಒಂದು ಬಾಗಿಲಿತ್ತು. ಆವಲಪ್ಪ ಆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಹುಳು ಜ್ವರಕ್ಕೆ ಕೂತಿದೆ, ಪೊರೆ ಬಿಡುವ ತನಕ ಸೊಪ್ಪು ಹಾಕಬೇಡ, ಕಿಟಕಿ ತೆಗಿ, ಕಿಟಕಿ ಮುಚ್ಚು ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಅವಳು ಬುಟ್ಟಿ ಎತ್ತಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಚೆನ್ನಾಗಿಯೇ ಉಣ್ಣುತ್ತಿದ್ದ, ಚೆನ್ನಾಗಿಯೇ ಮಾತಾಡುತ್ತಿದ್ದ. ಕೆಮ್ಮು ಯಾರಿಗೆ ಬರುವುದಿಲ್ಲ? ವಯಸ್ಸಾಯಿತು, ಕೆಲಸ ಸಾಕೆನಿಸಿದೆ, ಡಾಕ್ಟರ ಮಾತು ನೆಪಕ್ಕೆ ಸಿಕ್ಕಿದೆ ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದಳು. ಸೊಸೆಯ ಎದುರಿಗೆ ಒಂದು ಸಲ ತೆಲುಗಿನಲ್ಲಿ ಗೊಣಗಿಯೂ ಇದ್ದಳು. ಸಿಟ್ಟು ಬಂದರೆ ಅವಳ ಮಾತು ತವರಿನ ತೆಲುಗಿಗೆ ತಿರುಗುತ್ತಿತ್ತು.

ಸೊಸೆ ಕವಿತ ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅವಳ ಜೊತೆಯ ಟೀಚರೊಬ್ಬರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅವರ ಮನೆಯಲ್ಲಿದ್ದ ಎರಡೂವರೆ ಅಡಿ ಉದ್ದದ ಮೀನಿನ ತೊಟ್ಟಿಯನ್ನು ಸಾಗಿಸುವ ಗೋಜು ಬೇಡವೆಂದು ಇವಳಿಗೆ ಕೊಟ್ಟರು. ಗಾಜಿನ ತೊಟ್ಟಿ, ಗಾಳಿ ಊದುವ ಪಂಪು, ಒಂದು ಮೂಟೆ ಸಣ್ಣ ಕಲ್ಲು. ಮಾವನಿಗೆ ಹೊತ್ತು ಹೋಗಲಿ ಎಂದು ಅವಳು ಅದನ್ನು ರಜಾಯಿಯಲ್ಲಿ ಸುತ್ತಿಸಿ ಆಟೋದಲ್ಲಿ ತಂದಳು.

ಹೊತ್ತು ಹೋಯಿತು. ಆವಲಪ್ಪ ನಡುಮನೆಯ ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಕಲ್ಲು ಚಪ್ಪಡಿ ಹಾಕಿ, ರಸಮಟ್ಟ ಇಟ್ಟು ಸಮವಾಗಿದೆಯೇ ಎಂದು ನಾಲ್ಕು ಸಲ ನೋಡಿದ. ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಸಬೇಕೆಂದು ಕವಿತ ಹೇಳಿದಳು, ಹಾಸಿದ. ನೀರು ತುಂಬಿ ಒಂದು ದಿನ ಸೋರುತ್ತದೆಯೇ ಎಂದು ಕಾದ. ಸೋರಲಿಲ್ಲ. ಆಮೇಲೆ ತೊಟ್ಟಿಯನ್ನೂ ಕಲ್ಲುಗಳನ್ನೂ ಬ್ಲೀಚಿಂಗ್ ಪುಡಿಯಲ್ಲಿ ತೊಳೆದು, ಮೂರು ದಿನ ಬಿಸಿಲಿಗಿಟ್ಟು, ಮತ್ತೆ ಬೋರ್‌ವೆಲ್ ನೀರು ತುಂಬಿಸಿದ.

ಮಾವ ಸೊಸೆ ಇಬ್ಬರೂ ಮೀನು ತರಲು ಚಿಕ್ಕಬಳ್ಳಾಪುರಕ್ಕೆ ಹೋದರು. ಅಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಕನಕರಾಜ್ ಅವತ್ತು ಇವರಿಗೆ ಮೀನು ಕೊಡಲಿಲ್ಲ. ಪಂಪಿಗೆ ಒಂದು ಸ್ಪಂಜಿನ ಫಿಲ್ಟರು ಕೊಟ್ಟು, ಒಂದು ತಿಂಗಳು ಬರೀ ನೀರು ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಆಮೇಲೆ ಬನ್ನಿ ಎಂದ. ಮೀನಿಲ್ಲದ ನೀರಿಗೆ ಊಟ ಹಾಕುವುದು ಆವಲಪ್ಪನಿಗೆ ಮಂಕುತನವೆನಿಸಿತು. ಎರಡು ದಿನ ತಡೆದು, ಮೂರನೇ ದಿನ ಸೊಸೆ ಸ್ಕೂಲಿಗೆ ಹೋದ ಮೇಲೆ ಬಸ್ಸು ಹತ್ತಿ ಚಿಂತಾಮಣಿಗೆ ಹೋದ. ಅಲ್ಲಿ ರಸ್ತೆಬದಿಯಲ್ಲಿ ಮಾರುತ್ತಿದ್ದವನಿಂದ, ಮೈಮೇಲೆ ನೀಲಿ ಕೆಂಪು ಗೆರೆಯ ಹನ್ನೆರಡು ಪುಟ್ಟ ಮೀನು ತಂದು ತೊಟ್ಟಿಗೆ ಸುರಿದ.

ಎರಡನೇ ದಿನಕ್ಕೆ ಮೂರು ಸತ್ತವು. ಹುಳುವಿಗೆ ರೋಗ ಬಂದರೆ ಏನು ಮಾಡಬೇಕೋ ಅದನ್ನೇ ಅವನು ಮಾಡಿದ. ಉಳಿದವನ್ನು ಬಕೆಟ್ಟಿಗೆ ತೆಗೆದು, ನೀರೆಲ್ಲ ಚೆಲ್ಲಿ, ತೊಟ್ಟಿಯನ್ನು ಬ್ಲೀಚಿಂಗ್ ಪುಡಿಯಲ್ಲಿ ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಹೊಸ ನೀರು ತುಂಬಿಸಿದ. ಮಾರನೆಯ ದಿನ ನಾಲ್ಕು ಸತ್ತವು. ಮತ್ತೆ ಇನ್ನೂ ಚೆನ್ನಾಗಿ ತೊಳೆದ. ಆರನೇ ದಿನ ಕೊನೆಯ ಮೀನನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು ಬಂದು, ಕೈತೊಳೆದು ಮಲಗಿದ. ಮೂವತ್ತೆಂಟು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಬೆಳೆ ಪೂರ್ತಿ ಕೆಟ್ಟಿದ್ದಿಲ್ಲ.

ಕವಿತ ಸ್ಕೂಲಿನ ಪ್ರಯೋಗಾಲಯದಿಂದ ಪರೀಕ್ಷೆಯ ಕಿಟ್ ತಂದು ನೀರು ನೋಡಿದಳು. ಮೀನು ಹೋದ ಮೇಲೂ ಅದರಲ್ಲಿ ಅಮೋನಿಯಾ ಇತ್ತು. ಅದೂ ಅಲ್ಲದೆ ಈ ಬೋರ್‌ವೆಲ್ಲಿನ ಗಡಸು ನೀರು ಆ ಜಾತಿಯ ಮೀನಿಗೆ ಒಗ್ಗುವುದೇ ಅಲ್ಲ. ಅವಳು ಮಾವನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದಳು: ಮೀನಿನ ಗಲೀಜು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿಂದು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಸ್ಪಂಜಿನಲ್ಲೂ ಕಲ್ಲಿನಲ್ಲೂ ಮನೆ ಮಾಡುವುದಕ್ಕೆ ತಿಂಗಳು ಬೇಕು, ನೀವು ಒಂದೊಂದು ಸಲ ತೊಳೆದಾಗಲೂ ಅವನ್ನು ಕೊಂದಿರಿ.

"ಅಂದ್ರೆ ಕೊಳೆ ಬೇಕು ಅಂತೀಯೇನಮ್ಮ?" ಎಂದ ಆವಲಪ್ಪ.

"ಸ್ವಲ್ಪ ಬೇಕು ಮಾವ. ಹುಳುಮನೇಲಿ ಏನನ್ನ ಸಾಯಿಸ್ತಿದ್ರೋ, ಇಲ್ಲಿ ಅಂಥದ್ನೇ ಸಾಕ್ಬೇಕು."

ಅವನು ನಂಬಲಿಲ್ಲ. ವಿಚಾರಿಸಿಕೊಂಡು ಬರಲು ಕನಕರಾಜನ ಅಂಗಡಿಗೆ ಒಬ್ಬನೇ ಹೋದ. ಕನಕರಾಜ್ ಬೈಯಲೂ ಇಲ್ಲ, ನಗಲೂ ಇಲ್ಲ. ತನ್ನ ದೊಡ್ಡ ತೊಟ್ಟಿಯೊಂದರಿಂದ ವರ್ಷದಿಂದ ಓಡುತ್ತಿದ್ದ, ಕಂದುಬಣ್ಣಕ್ಕೆ ತಿರುಗಿದ ಸ್ಪಂಜೊಂದನ್ನು ತೆಗೆದು, ಆ ನೀರಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟ. ಇದನ್ನು ಒಣಗಿಸಬೇಡಿ, ತೊಳೆಯಬೇಡಿ, ಹಾಗೇ ನಿಮ್ಮ ಪಂಪಿಗೆ ಸಿಕ್ಕಿಸಿ ಎಂದ. ಆವಲಪ್ಪ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದ. ಪಕ್ಕದಲ್ಲಿ ಕೂತಿದ್ದವನು ಏನೆಂದು ಕೇಳಿದ್ದಕ್ಕೆ ಔಷಧಿ ಎಂದ.

ಒಂದು ತಿಂಗಳು ಅವನು ಮೀನಿಲ್ಲದ ನೀರಿಗೆ ದಿನಕ್ಕೊಂದು ಚಿಟಿಕೆ ಊಟ ಹಾಕಿದ. ಮೊದಲ ವಾರ ನೀರು ಹಾಲು ಬೆರೆಸಿದಂತಾಯಿತು. ಎರಡನೇ ವಾರ ತಾನಾಗಿಯೇ ತಿಳಿಯಾಯಿತು. ಗಾಜಿನ ಮೇಲೆ ಹಸಿರು ಪಾಚಿ ಹತ್ತಿದಾಗ ಬಟ್ಟೆ ಹಿಡಿದು ಎದ್ದವನು, ಏನೋ ಯೋಚಿಸಿ, ಮುಂದಿನ ಗಾಜನ್ನು ಮಾತ್ರ ಒರೆಸಿ ಉಳಿದ ಮೂರನ್ನು ಬಿಟ್ಟ. ವೆಂಕಟರತ್ನಮ್ಮ ಸೊಪ್ಪಿನ ಕಸದ ಬುಟ್ಟಿ ಹೊತ್ತು ಹಾಯುವಾಗ ಬರೀ ನೀರನ್ನು ನೋಡಿಕೊಂಡು ಕೂತ ಗಂಡನನ್ನು ನೋಡುತ್ತಿದ್ದಳು. ಅವಳು ಆ ದಿನಗಳಲ್ಲಿ ಅವನಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದಳು. ಮಾಡಿ ಒಲೆಯ ಪಕ್ಕ ಇಡುತ್ತಿದ್ದಳು, ಅವನೇ ಹೋಗಿ ತೆಗೆದುಕೊಳ್ಳಬೇಕಿತ್ತು.

ತಿಂಗಳಾದ ಮೇಲೆ ಕವಿತ ನೀರು ನೋಡಿ ಸರಿಯಿದೆ ಎಂದಳು. ಕನಕರಾಜ್ ಗಡಸು ನೀರಿಗೆ ಒಗ್ಗುವ ಮಾಲಿ ಎಂಬ ಜಾತಿಯ ಮೀನು ಕೊಟ್ಟ: ನಾಲ್ಕು ಕಪ್ಪು, ಎರಡು ಬಿಳಿ. ಆವಲಪ್ಪ ಈ ಸಲ ಕವರನ್ನು ಅರ್ಧ ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ಕೊನೆಗೆ ಒಂದೊಂದನ್ನೇ ಬಿಟ್ಟ. ವಾರ ಕಳೆಯಿತು, ಯಾವುದೂ ಸಾಯಲಿಲ್ಲ. ಇಪ್ಪತ್ತು ದಿನಕ್ಕೆ ಒಂದು ಕಪ್ಪು ಮೀನು ಮರಿ ಹಾಕಿತು. ಮರಿಗಳು ಕಲ್ಲಿನ ಸಂದಿಯಲ್ಲಿ ಅಡಗಿಕೊಂಡವು. ಎಣಿಸಲು ಹೋಗಿ ಅವನು ಪ್ರತಿ ಸಲವೂ ತಪ್ಪಿದ.

ಹುಳುಮನೆಯ ಬೆಳೆ ಮುಗಿದದ್ದು ಆಗಲೇ. ಒಂದು ಭಾನುವಾರ ಮಧ್ಯಾಹ್ನ ಮುರಳಿಮೋಹನ್ ಔಷಧಿ ಹೊಡೆಯಲು ನಿಂತ. ಕವಿತ ನೆಂಟರ ಮನೆಯ ನಾಮಕರಣಕ್ಕೆಂದು ಅಂಬಾಜಿದುರ್ಗದ ಕಡೆ ಹೋಗಿದ್ದಳು. ವೆಂಕಟರತ್ನಮ್ಮ ಹೊರಗಡೆ ಚಂದ್ರಿಕೆ ತೊಳೆಯುತ್ತಿದ್ದವಳು, ಬಾಯಾರಿ, ಮೂಗಿಗೆ ಸೆರಗು ಹಿಡಿದು ಹುಳುಮನೆಯೊಳಗಿಂದಲೇ ನಡುಮನೆಗೆ ಬಂದಳು. ಬಾಗಿಲು ಎಂದಿನಂತೆ ತೆರೆದಿತ್ತು. ಔಷಧಿಯ ಘಾಟು ಒಳಗೂ ತುಂಬಿತ್ತು. ಅವಳ ಕಣ್ಣು ಮೊದಲು ಹೋದದ್ದು ತೊಟ್ಟಿಯ ಕಡೆಗೆ. ಆರೂ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು, ಮೂತಿ ಹೊರಗೆ ಹಾಕಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

ನಿಮ್ಮ ಮೀನು ನೋಡಿ ಎಂದು ಹೇಳಲು ತಿರುಗಿದಳು. ಆವಲಪ್ಪ ಮಂಚದ ಅಂಚಿನಲ್ಲಿ ಎರಡೂ ಕೈ ಮಂಡಿಯ ಮೇಲೆ ಊರಿ ಕೂತಿದ್ದ. ಅವನ ಹೆಗಲು ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಬಾಯಿ ತೆರೆದಿತ್ತು, ಮಾತು ಹೊರಡುತ್ತಿರಲಿಲ್ಲ. ಒಂದು ಬೆರಳೆತ್ತಿ ಪಂಪನ್ನು ತೋರಿಸಿದ. ಅದು ಆ ಘಾಟಿನ ಗಾಳಿಯನ್ನೇ ಎಳೆದು ನೀರಿಗೆ ಊದುತ್ತಿತ್ತು. ಅವಳು ಪಂಪಿನ ವೈರು ಕಿತ್ತಳು, ಬಾಗಿಲು ಎಳೆದು ಹಾಕಿದಳು, ಮಗನನ್ನು ಕೂಗಿದಳು. ಇಬ್ಬರೂ ಸೇರಿ ಅವನನ್ನು ಎತ್ತಿಕೊಂಡು ಬೀದಿಯ ಕಡೆಯ ಜಗುಲಿಗೆ ತಂದರು. ಡಾಕ್ಟರು ಕೊಟ್ಟಿದ್ದ, ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಯನ್ನು ಮುರಳಿಮೋಹನ್ ಹುಡುಕಿ ತಂದು ಬಾಯಿಗಿಟ್ಟ.

ಉಸಿರು ಹದಕ್ಕೆ ಬರಲು ಸುಮಾರು ಹೊತ್ತು ಹಿಡಿಯಿತು. ಅಷ್ಟರಲ್ಲಿ ವೆಂಕಟರತ್ನಮ್ಮ ಒಳಗೆ ಹೋಗಿ, ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ಪಾತ್ರೆಯಲ್ಲಿ ಒಂದೊಂದೇ ಮೀನು ಹಿಡಿದು ಹಾಕಿ, ಬಕೆಟ್ಟನ್ನು ಜಗುಲಿಗೆ ತಂದಿಟ್ಟಳು. ಮರಿಗಳು ಅವಳ ಕೈಗೆ ಸಿಗಲಿಲ್ಲ. ತೊಟ್ಟಿಯ ಮೇಲೆ ಒದ್ದೆ ಬೆಡ್‌ಶೀಟು ಹೊದಿಸಿ ಬಂದಳು. ಬಂದು ಗಂಡನ ಪಕ್ಕ ಕೂತಳು.

"ದಿನಾ ಹಿಂಗೇ ಆಗ್ತಿತ್ತಾ ನಿಮ್ಗೆ?" ಎಂದು ಕೇಳಿದಳು.

"ಇಷ್ಟಿಲ್ಲ. ಆಗ್ತಿತ್ತು."

"ಹೇಳ್ಬಾರ್ದಾ?"

"ಹೇಳ್ದೆ. ಡಾಕ್ಟ್ರೂ ಹೇಳಿದ್ರಲ್ಲ."

ವೆಂಕಟರತ್ನಮ್ಮ ಬಕೆಟ್ಟಿನೊಳಗೆ ನೋಡಿದಳು. "ನಾನು ನಂಬ್ಲಿಲ್ಲ," ಎಂದಳು. "ಕೆಲ್ಸ ಬೇಡ್ವಾಗಿದೆ ಇವ್ರಿಗೆ ಅಂದ್ಕೊಂಡಿದ್ದೆ."

ಆವಲಪ್ಪನಿಗೆ ಅದು ಮೊದಲೇ ಗೊತ್ತಿತ್ತು. ಅವನು ಬಕೆಟ್ಟನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ.

ಬಿಳಿ ಮೀನು ಎರಡೂ ಸಂಜೆಯೊಳಗೆ ಸತ್ತವು. ಕಪ್ಪು ನಾಲ್ಕು ಉಳಿದವು. ಮರಿಗಳಲ್ಲಿ ಎಷ್ಟು ಹೋದವು ಎಂಬುದು ತಿಳಿಯಲಿಲ್ಲ, ಎಷ್ಟಿದ್ದವೆಂದೇ ಗೊತ್ತಿರಲಿಲ್ಲ. ಕವಿತ ಬಂದ ಮೇಲೆ ಅರ್ಧ ನೀರು ಬದಲಿಸಿದರು. ಸ್ಪಂಜನ್ನು ಮಾತ್ರ ಯಾರೂ ತೊಳೆಯದಂತೆ ಆವಲಪ್ಪ ನೋಡಿಕೊಂಡ.

ಮಾರನೆಯ ದಿನ ವೆಂಕಟರತ್ನಮ್ಮ ಯಾರನ್ನೂ ಕೇಳದೆ ಗಾರೆ ಕೆಲಸದ ನಲ್ಲಪ್ಪನನ್ನು ಕರೆಸಿ ನಡುಗೋಡೆಯ ಬಾಗಿಲು ಕೀಳಿಸಿದಳು. ಇಟ್ಟಿಗೆ ಕಟ್ಟಿ ಎರಡೂ ಕಡೆ ಗಾರೆ ಮಾಡಿಸಿದಳು. ಹುಳುಮನೆಗೆ ಹಿತ್ತಿಲ ಕಡೆಯ ಬಾಗಿಲೊಂದೇ ಉಳಿಯಿತು. ಇನ್ನು ಮೇಲೆ ಬೀದಿ ಬಳಸಿಯೇ ಹೋಗಬೇಕು. ಹುಳುಮನೆಯ ಸೀರೆ ಅಲ್ಲೇ ಬಿಚ್ಚಿ, ಕೈಕಾಲು ತೊಳೆದು, ಬೇರೆ ಉಟ್ಟು ಮನೆಯೊಳಗೆ ಬರುವುದೆಂದು ಅವಳೇ ನೇಮ ಮಾಡಿಕೊಂಡಳು. ಎರಡು ತಿಂಗಳ ಮೇಲೆ ಡಾಕ್ಟರು ಊದುವ ಕೊಳವೆಯಲ್ಲಿ ಆವಲಪ್ಪನ ಉಸಿರು ಅಳೆದು, ಪರವಾಗಿಲ್ಲವಲ್ಲ, ಏನು ಮಾಡಿದಿರಿ ಎಂದು ಕೇಳಿದರು. ಗೋಡೆ ಕಟ್ಟಿಸಿದೆವು ಎಂದು ಅವಳು ಹೇಳಿದಳು.

ದಾರಿ ಬಳಸಾದ ಮೇಲೆ ಅವಳಿಗೆ ಮಧ್ಯಾಹ್ನ ಬಂದು ಅಡುಗೆ ಮಾಡಿ ಮತ್ತೆ ಹೋಗುವುದು ಹೊಂದುತ್ತಿರಲಿಲ್ಲ. ಅವಳು ಬರುವಷ್ಟರಲ್ಲಿ ಮುದ್ದೆ ತಿರುವಿ, ಸಾರು ಮಾಡಿಡುವುದನ್ನು ಆವಲಪ್ಪ ಕಲಿತ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಮೊದಲ ವಾರ ಯಾರೂ ಹೇಳಲಿಲ್ಲ. ಎರಡನೇ ವಾರ ವೆಂಕಟರತ್ನಮ್ಮ ಹೇಳಿದಳು.