ಕುದುರೆಯಿಂದ ಬಿದ್ದ ನಾಯಕ

ಸವಣೂರಿನ ವಿದ್ಯಾ ಎಂ.ಕಾಂ. ಮುಗಿಸಿ ಲೆಕ್ಕಪತ್ರದ ಕೆಲಸ ಹುಡುಕುತ್ತಿದ್ದಳು. ಅದಕ್ಕಾಗಿಯೇ ಲಿಂಕ್ಡ್‌ಇನ್ ಸೇರಿದ್ದಳು. ಅಲ್ಲಿ ಕೆಲಸಕ್ಕಿಂತ ಉಪದೇಶವೇ ಹೆಚ್ಚಿತ್ತು. ಒಬ್ಬನಿಗೆ ಅಂಗಿಯ ಮೇಲೆ ಚಹಾ ಚೆಲ್ಲಿದಾಗ ನಾಯಕತ್ವ ಅಂದರೇನೆಂದು ತಿಳಿದಿತ್ತು; ಇನ್ನೊಬ್ಬಳಿಗೆ ಬಸ್ಸು ತಪ್ಪಿದಾಗ ಮಾರ್ಕೆಟಿಂಗ್ ಅರ್ಥವಾಗಿತ್ತು. ಅರ್ಜಿ ಹಾಕಿದ ಕಡೆಯಿಂದ ಮಾತ್ರ ಉತ್ತರ ಬರುತ್ತಿರಲಿಲ್ಲ. ಕೊನೆಗೊಮ್ಮೆ ಬಂದ ಉತ್ತರದಲ್ಲಿ ‘ಪ್ರಿಯ ಸುದೀಪ, ಕ್ಷಮಿಸಿ’ ಎಂದಿತ್ತು.

ಅವಳು ಆ ಸಿಟ್ಟಿನಲ್ಲೇ ಗೆಳತಿ ನುಜಹತಳ ಝೆರಾಕ್ಸ್ ಅಂಗಡಿಗೆ ಹೋಗಿ ಕುಳಿತಳು.

“ಬೇರೇದವರ ಹೆಸರಿಲೆ ನನಗ ಬ್ಯಾಡ ಅಂದಾರ ನೋಡು. ಇವರ ಕೂಡ ಹೆಂಗ ಮಾತಾಡಬೇಕವಾ?”

“ಅವರ ಭಾಷಾದಾಗ ಮಾತಾಡು,” ಎಂದಳು ನುಜಹತ.

ಅಲ್ಲೇ ಕುಳಿತು ವಿದ್ಯಾ ಬರೆದಳು. ತೆರೆಯ ಮೇಲೆ ಒಂದೇ ಏಟಿಗೆ ಹತ್ತು ಜನರನ್ನು ಉರುಳಿಸುವ ನಟ ವಜ್ರೇಶ ಲಿಂಕ್ಡ್‌ಇನ್‌ಗೆ ಬಂದಿದ್ದರೆ ಏನು ಬರೆಯುತ್ತಿದ್ದ ಎಂಬುದು ಅವಳ ಕಲ್ಪನೆ. ‘ಇವತ್ತು ಶೂಟಿಂಗಿನಲ್ಲಿ ಕುದುರೆಯಿಂದ ಬಿದ್ದೆ. ಕುದುರೆ ತಿರುಗಿಯೂ ನೋಡಲಿಲ್ಲ. ಮಣ್ಣಿನಲ್ಲಿ ಕುಳಿತಾಗ ಹೊಳೆಯಿತು: ಕುದುರೆಯೇ ಕಂಪನಿ, ನಾನು ಉದ್ಯೋಗಿ, ಮಣ್ಣೇ ಅವಕಾಶ. ಒಪ್ಪುತ್ತೀರಾ?’ ಕೆಳಗೆ ‘ಇದು ಅಣಕ’ ಎಂದು ದಪ್ಪಕ್ಷರದಲ್ಲಿ ಹಾಕಿದಳು. ನುಜಹತ ನಕ್ಕೂ ನಕ್ಕೂ ಗಿರಾಕಿಯ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಝೆರಾಕ್ಸ್ ಮಾಡಿಬಿಟ್ಟಳು.

ವಿದ್ಯಾಳ ಖಾತೆಯಲ್ಲಿ ಅದಕ್ಕೆ ನಕ್ಕವರು ಬೆರಳೆಣಿಕೆಯಷ್ಟು. ಆದರೆ ಯಾರೋ ಕೊನೆಯ ಸಾಲನ್ನು ಕತ್ತರಿಸಿ, ಅವಳ ಹೆಸರನ್ನೂ ತೆಗೆದು, ವಜ್ರೇಶನೇ ಬರೆದದ್ದೆಂಬಂತೆ ಹಂಚಿದರು. ಅದು ಎಲ್ಲೆಲ್ಲಿಗೋ ಹೋಯಿತು. ‘ಕಣ್ಣು ತೆರೆಸಿದಿರಿ ಸರ್’ ಎಂದು ಜನ ಕೈಮುಗಿದರು. ಅಣಕವಿದು, ಬರೆದವಳು ನಾನು ಎಂದು ವಿದ್ಯಾ ಕಂಡಕಂಡಲ್ಲಿ ಟಿಪ್ಪಣಿ ಹಾಕಿದಳು. ‘ದೊಡ್ಡವರ ಬೆಳವಣಿಗೆ ನೋಡಿ ಹೊಟ್ಟೆಕಿಚ್ಚು ಬೇಡ ಮೇಡಂ’ ಎಂದು ಒಬ್ಬ ಬುದ್ಧಿ ಹೇಳಿದ. ಆಮೇಲೆ ಅವಳು ಟಿಪ್ಪಣಿ ಹಾಕುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಬಂಕಾಪುರದ ಹತ್ತಿರ ಹೆದ್ದಾರಿ ಪಕ್ಕದ ಒಂದು ಬೀಜದ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಮ್ಯಾನೇಜರ್ ರವಿಕುಮಾರ ಅವಳ ಅಂಕಪಟ್ಟಿಗಳನ್ನು ತಿರುವಿ ಪಕ್ಕಕ್ಕಿಟ್ಟು ಗೋಡೆಯತ್ತ ಕೈತೋರಿಸಿದ. ಅಲ್ಲಿ ಚೌಕಟ್ಟಿನೊಳಗೆ ಕುದುರೆ, ಕಂಪನಿ, ಮಣ್ಣು ಎಲ್ಲವೂ ಇದ್ದವು.

“ಮಾರ್ಕ್ಸ್ ಬರ್ತಾವ, ಹೋಗ್ತಾವ. ಇದನ್ನ ಓದ್ರಿ. ಇಂಥಾ ವಿಚಾರ ನಿಮ್ಮ ಕಡೆ ಐತೇನು?”

ವಿದ್ಯಾಳಿಗೆ ಮೈಯೆಲ್ಲ ಉರಿಯಿತು. “ಸರ್, ಅದನ್ನ ಬರದಾಕಿ ನಾನರಿ.”

“ಏನಂದ್ರಿ?”

“ಅದು ಅಣಕರಿ. ನಗ್ಲಿ ಅಂತ ಬರದದ್ದು.”

ರವಿಕುಮಾರ ಗೋಡೆಯನ್ನು ಇನ್ನೊಮ್ಮೆ ಓದಿದ. “ಇದರಾಗ ನಗೂದೇನೈತಿ?” ಎಂದ. ವಿದ್ಯಾ ಮೊಬೈಲಿನಲ್ಲಿ ಮೂಲವನ್ನು ತೋರಿಸಿದಳು. ಅವನ ಮುಖ ಕೆಂಪಾಯಿತು. “ದಿನಾ ಮುಂಜಾನೆ ಎಲ್ಲಾರನೂ ನಿಂದರ್ಸಿ ಇದನ್ನ ಓದಸ್ತೇನಿ. ಮಂದೀ ಹೆಸರಿಲೆ ಸುಳ್ಳು ಬರಿಯೋರ ಕೈಯಾಗ ಲೆಕ್ಕ ಹೆಂಗ ಕೊಡೂದ್ರಿ? ನೀವು ಹೊಂಡ್ರಿ.”

ಮರುವಾರ ಅವನೇ ಫೋನು ಮಾಡಿದ. ಲೆಕ್ಕಪತ್ರದ ಜಾಗ ತುಂಬಿತ್ತಂತೆ. ಆದರೆ ಮಾಲೀಕ ಫಕ್ಕೀರಪ್ಪನವರಿಗೆ ವಿಷಯ ಗೊತ್ತಾಗಿ, ಅಂಥದ್ದನ್ನು ತಮ್ಮ ಹೆಸರಿನಲ್ಲಿ ಬರೆಯಲು ಆ ಹುಡುಗಿಯೇ ಬೇಕೆಂದಿದ್ದರು. ವಿದ್ಯಾ ಹಲ್ಲು ಕಚ್ಚಿ ಒಪ್ಪಿದಳು. ಬೇರೆ ಕೆಲಸ ಇದ್ದರೆ ತಾನೆ ಬೇಡವೆನ್ನುವುದು?

ಫಕ್ಕೀರಪ್ಪ ಅರವತ್ತು ದಾಟಿದ ಬಿಳಿ ಅಂಗಿಯ ಮನುಷ್ಯ. ಮೊದಲ ದಿನವೇ ವಿದ್ಯಾ ಕೇಳಿದಳು: “ನಿಮಗ ಖರೇನ ಆದದ್ದು ಒಂದ ಹೇಳ್ರಿ. ಅದನ್ನ ಬರೀತೇನಿ.”

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು. ಮೊದಲ ವರ್ಷ ಮಾರಿದ ಗೋವಿನಜೋಳದ ಬೀಜ ಹುಟ್ಟಲೇ ಇಲ್ಲ. ಹಿರೇಕೆರೂರು ಕಡೆಯ ಒಂದೂರಿಗೆ ಕ್ಷಮೆ ಕೇಳಲು ಹೋದರೆ ಗಂಡಸರು ಕಾಲರ್ ಹಿಡಿದರು. ಸಿದ್ದವ್ವ ಎಂಬ ಮುದುಕಿ ಬಿಡಿಸಿ, ಮನೆಯೊಳಗೆ ಕೂಡ್ರಿಸಿ, ರೊಟ್ಟಿ ಬಡಿದು ಹಾಕಿದಳು. ಅವಳ ಹೊಲವೂ ಖಾಲಿ ಬಿದ್ದಿತ್ತು.

ವಿದ್ಯಾ ಅದನ್ನು ಒಂದು ಮಾತೂ ಹೆಚ್ಚಿಸದೆ ಬರೆದಳು. ಇಷ್ಟು ದಿನಗಳಲ್ಲಿ ಮೊದಲ ಸಲ, ಬರೆದದ್ದರ ಬಗ್ಗೆ ಅವಳಿಗೆ ಹಿತವೆನಿಸಿತು. ಫಕ್ಕೀರಪ್ಪ ಎರಡು ಸಲ ಓದಿದರು.

“ಹಿಂಗ ಆಗಿತ್ತು ನೋಡವಾ. ಹಿಂಗ ಆಗಿತ್ತು.” ಕನ್ನಡಕ ತೆಗೆದು ಒರೆಸಿದರು. “ಅಳಸಿಬಿಡು.”

“ಯಾಕ್ರಿ?”

“ಬೀಜ ಹುಟ್ಟಲಿಲ್ಲ ಅಂತ ಬೀಜ ಮಾರಾಂವ ಬರೀತಾನೇನು? ಮ್ಯಾಲೆ ಇದರಾಗ ಪಾಠ ಎಲ್ಲೈತಿ? ಆ ನಟಂದು ಬರದಿಯಲ್ಲ, ಹಂಗ ಬರಿ.”

ವಿದ್ಯಾ ಅಳಿಸಿದಳು. ಕೀಲಿಗಳನ್ನು ಗುದ್ದುತ್ತ ಬರೆದಳು: ‘ಇವತ್ತು ನನ್ನ ಚಪ್ಪಲಿ ಕಿತ್ತುಹೋಯಿತು. ಆಗ ನನಗೆ ಗ್ರಾಹಕರ ಬೆಲೆ ತಿಳಿಯಿತು.’ ಇದನ್ನಾದರೂ ನೋಡಿ ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಳು. ಫಕ್ಕೀರಪ್ಪ ತಲೆದೂಗಿದರು. ಸಂಜೆಯೊಳಗೆ ಹೊಗಳಿಕೆಗಳ ಸುರಿಮಳೆಯಾಯಿತು. ರವಿಕುಮಾರ ಚೌಕಟ್ಟಿಗೆಂದು ಅದರ ಪ್ರಿಂಟ್ ತೆಗೆಯಲು ಹೇಳಿದ.

ಮನೆಗೆ ಮರಳುವ ಬಸ್ಸಿನಲ್ಲಿ ಅವಳ ಪಕ್ಕ ಅವರ ಓಣಿಯ ಮಹಾದೇವಕ್ಕ ಖಾಲಿ ವೀಳ್ಯದೆಲೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ಯಾಕವಾ, ಮಾರಿ ಹಿಂಗ್ಯಾಕ ಮಾಡ್ಕೊಂಡೀ? ಏನ್ ಕೆಲಸಾ ಕೊಟ್ಟಾರ?”

ಕೆಲಸ ಯಾವುದೆಂದು ವಿದ್ಯಾ ಹೇಳಲಿಲ್ಲ. ಅದರ ಬದಲು ಹುಟ್ಟದ ಬೀಜದ ಕತೆ ಹೇಳತೊಡಗಿದಳು. ಕಾಲರ್ ಹಿಡಿದದ್ದು, ಮುದುಕಿ ಬಿಡಿಸಿದ್ದು. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿದರು.

“ತನ್ನ ಹೊಲಾ ಬೀಳು ಬಿದ್ದರೂ ಉಣ್ಣಾಕ ಹಾಕಿದ್ಲಾ?” ಎಂದಳು ಮಹಾದೇವಕ್ಕ. “ಆಮ್ಯಾಲೆ? ಆಕಿ ಏನಂದ್ಲು?”

ಅದನ್ನು ತಾನು ಕೇಳಲೇ ಇಲ್ಲವಲ್ಲ ಎಂದು ವಿದ್ಯಾಳಿಗೆ ಆಗ ಹೊಳೆಯಿತು.

“ನಾಳೆ ಕೇಳ್ಕೊಂಡು ಬರ್ತೇನಿ, ಅಕ್ಕಾ,” ಎಂದಳು.